ಭಿಶಿಯ ಮೊದಲ ನಂಬರು

ಅಸಲ್ಫಾ ಗುಡ್ಡದ ಚಾಳಿನಲ್ಲಿ
ತಿಂಗಳ ಎರಡನೇ ಭಾನುವಾರ ಭಿಶಿ.
ಇಪ್ಪತ್ತು ಜನ, ಒಂದೇ ಚಾಪೆ,
ವಾರಿಜಳ ಮಡಿಲಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ.
ಬೇಗ ಬೇಕೆಂದವರಿಗೆ ಕಡಿತ,
ಕಾದವರಿಗೆ ಪೂರ್ತಿ.
ಇಷ್ಟೇ ಶಾಸ್ತ್ರ.

ಇಪ್ಪತ್ತೆರಡರಲ್ಲಿ ನಾನು ಎರಡನೇ ತಿಂಗಳಿಗೇ ಕೈ ಎತ್ತಿದವಳು.
ಇನ್ನೂರರಲ್ಲಿ ಐವತ್ತು ಬಿಟ್ಟುಕೊಟ್ಟು
ಟ್ರಾನ್ಸಿಸ್ಟರ್ ತಂದೆ.
ಮುಂದಿನ ವರ್ಷವೆಂಬುದು ಆಗ
ಕಲ್ಯಾಣದಾಚೆ ಎಲ್ಲೋ ಒಂದೂರು;
ಅಲ್ಲಿ ಯಾರೋ ಹೆಂಗಸಿದ್ದಾಳಂತೆ,
ಅವಳಿಗೆ ನಾನೇಕೆ ದುಡ್ಡು ಕಳಿಸಲಿ?

ಮೂವತ್ತೆಂಟಕ್ಕೆ ಆ ಹೆಂಗಸು
ಗಂಟು ಸಮೇತ ನನ್ನ ಖೋಲಿಗೇ ಬಂದು ಕೂತಳು.
ಅವಳ ಹೊಟ್ಟೆಗೂ ಸೇರಿಸಿ ಅಕ್ಕಿ ಹಾಕಿದೆ.
ಕಾಯುವುದ ಕಲಿತೆ.
ದೊಡ್ಡ ಗುಣ ಅನ್ನಬೇಡಿ, ಬೇರೆ ದಾರಿ ಇರಲಿಲ್ಲ.
ಹಾಪೂಸಿಗೂ ಅದೇ ನೇಮ:
ಮಾರ್ಚಿನಲ್ಲಿ ಘಾಟ್ಕೋಪರ್ ಸ್ಟೇಷನ್ನಿನೆದುರು
ಉಸಿರು ಬಿಗಿಹಿಡಿದು ದಾಟುವುದು,
ಜೂನಿನ ಮೊದಲ ಮಳೆಗೆ ದರ ಬಿದ್ದ ಮೇಲೆ
ಕಲೆಯಾದದ್ದನ್ನು ಆರಿಸಿ ತರುವುದು.
ಗೊರಟು ಮಕ್ಕಳಿಗೆ. ಸಿಪ್ಪೆ ನನಗೆ.
ಮೂವತ್ತು ವರ್ಷ ಕೊನೆಯ ನಂಬರು ನನ್ನದು,
ಯಾರೂ ಕೇಳುತ್ತಲೇ ಇರಲಿಲ್ಲ.

ಈ ಫೆಬ್ರವರಿ ಹೊಸ ಭಿಶಿ.
ನನ್ನ ಕೈ ಮೇಲೆದ್ದದ್ದು ನೋಡಿ
ವಾರಿಜ ಕನ್ನಡಕ ಒರೆಸಿಕೊಂಡಳು.
ಯಶ್ವಿತಾ, ಹತ್ತೊಂಬತ್ತರ ಹುಡುಗಿ,
ಬಡ್ಡಿ ಲೆಕ್ಕ ಹಾಕಿ ಕೊನೆಯ ನಂಬರು ಹಿಡಿದವಳು
(ಈಗಿನವರು!)
ಅಂದಳು: ‘ಅಜ್ಜೀ, ನಿಮಗೇನವಸರ?’

ಎಪ್ಪತ್ತೊಂಬತ್ತಕ್ಕೆ ಇಪ್ಪತ್ತು ತಿಂಗಳು ಕೂಡಿಸು ಮಗಾ,
ಅದೇ ಮೊಬೈಲಿನಲ್ಲಿ.
ಕೂಡಿಸಿದಳು.
ಆಮೇಲೆ ಚಹಾ ಬರುವವರೆಗೂ ಮಾತಿಲ್ಲ.

ಸೀದಾ ವಾಶಿ ಮಂಡಿಗೆ ಹೋದೆ.
ದೇವಗಡದ ಮೊದಲ ಪೇಟಿ.
ದರ ಹೇಳುವುದಿಲ್ಲ, ಗೋಡೆಯ ಫೋಟೋದಿಂದ
ಇವರು ಇಳಿದು ಬಂದಾರು.
ರಿಕ್ಷಾದಲ್ಲಿ ಬಾಣಂತಿಯ ಹಾಗೆ
ಮಡಿಲಲ್ಲಿಟ್ಟುಕೊಂಡು ಬಂದೆ.

ಮುಚ್ಚಳ ತೆಗೆದರೆ, ಹುಲ್ಲಿನ ನಡುವೆ
ಎಲ್ಲ ಹಸಿರು. ಕಲ್ಲು.
‘ಎಂಟು ದಿನ ಥಾಂಬಾ, ಆಜಿ’
ಅಂದಿದ್ದ ಆ ವ್ಯಾಪಾರಿ,
ನನಗೆ ಕೇಳಿಸಿರಲಿಲ್ಲ.

ಪೇಟಿ ಈಗ ಮಂಚದ ಕೆಳಗೆ.
ರಾತ್ರಿ ಎರಡು ಸಲ ಎದ್ದು,
ಮಂಡಿ ಬೈದರೂ ಬಗ್ಗಿ, ಮೂಸುತ್ತೇನೆ.
ಮೊನ್ನೆ ಹುಲ್ಲು. ನಿನ್ನೆಯೂ ಹುಲ್ಲು.
ಇವತ್ತು ಮೂಲೆಯದೊಂದು, ತೊಟ್ಟಿನ ಹತ್ತಿರ

ಇಲ್ಲ, ಇನ್ನೂ ಇಲ್ಲ.
ಮುಚ್ಚಿಟ್ಟೆ.
ಬೆರಳು ಮಾತ್ರ ತೊಳೆಯಲಿಲ್ಲ.