ತುದಿ ಸ್ಪಷ್ಟವಿಲ್ಲ

ಭಟ್ಟಿ ಕಟ್ಟುವ ಓಬಳಪ್ಪ ಬೆರಳ ಗೆಣ್ಣಿನಿಂದ ಗೋಡೆ ಬಡಿದು
ಕಿವಿಗೊಟ್ಟು ಹೇಳುತ್ತಿದ್ದ: ಇಲ್ಲಿ ಗೇಣು ದಪ್ಪ, ಇಲ್ಲಿ ಅರೆಗೇಣು.
ಒಳಗೆ ಬಿರುಕಿದೆಯಾ ಅಂತ ಅಬ್ಬಾ ಕೇಳಿದರೆ
"ಅದು ಬೆಂಕಿ ಹಾಕಿದ ಮೇಲೆ ಗೊತ್ತಾಗೋದು ಸಾಹೇಬ್ರೆ."

ನನ್ನ ಕೆಲಸವೂ ಅದೇ ಜಾತಿಯದು.
ಕತ್ತಲ ಕೋಣೆ, ತಣ್ಣನೆ ಜೆಲ್ಲು, ಪಕ್ಕೆಲುಬಿನ ಸಂದಿಗೆ
ಸದ್ದು ಕಳಿಸಿ, ಮರಳಿದ ಸದ್ದನ್ನು ಅಳೆಯುವುದು.
ದಿನಕ್ಕೆ ಮೂವತ್ತು ಎದೆ.
ಗುರುವಾರ ಹದಿನೇಳನೆಯದು ದಸ್ತಗೀರನದು.

ಎಡಕ್ಕೆ ಹೊರಳು ಅಂದೆ. ಹೊರಳಿದ.
ಮೈಗೆ ಹೊಟ್ಟಿನ ವಾಸನೆ, ರೆಪ್ಪೆಯಲ್ಲಿ ಬೂದಿ.
"ಆಪಾ, ಮೂಟೆ ಹೊರುವಾಗ ಒಂದ್ಸಲ ಕಣ್ಣಿಗೆ ಕತ್ತಲೆ ಬಂತು, ಅಷ್ಟೆ."
ಅಬ್ಬಾನೂ ಅಷ್ಟೇ ಅಂದಿದ್ದು.
ನಲವತ್ತೊಂದಕ್ಕೆ, ಅಕ್ಕಿಚೀಲದ ಮೇಲೆ ಕೂತವರು
ಹಾಗೇ ಕೂತಿದ್ದರು. ಜರಡಿ ಕೈಯಲ್ಲೇ ಇತ್ತು.

ನಡುಗೋಡೆ: ಹದಿನೆಂಟು ಮಿಲಿಮೀಟರು.
ಮೂವತ್ತಕ್ಕೆ ಇನ್ನೂ ದೂರ. ರಕ್ತದ ದಾರಿಗೆ ಅಡ್ಡಿಯಿಲ್ಲ.
ಹೃದಯದ ತುದಿ ಮಾತ್ರ ಸಿಗಲಿಲ್ಲ,
ಪುಪ್ಪುಸದ ಗಾಳಿ ಪರದೆ ಎಳೆದಂತೆ ಅಡ್ಡ ಬಂತು.
ಉಸಿರು ಬಿಡು ಅಂದೆ, ಹಿಡಿ ಅಂದೆ, ಮತ್ತೆ ಬಿಡು ಅಂದೆ.
"ತುದಿ ಸ್ಪಷ್ಟವಿಲ್ಲ" ಎಂದು ಬರೆದೆ.
ಈ ಎರಡು ಪದ ಹತ್ತು ವರ್ಷದಿಂದ ಬರೆಯುತ್ತಿದ್ದೇನೆ,
ಒಮ್ಮೆಯೂ ಓದಿರಲಿಲ್ಲ.

ಡಾಕ್ಟರ್ ಹಾಲಸ್ವಾಮಿ ಹಾಳೆ ನೋಡಿ, ನನ್ನ ನೋಡಿ,
ಎಂಆರ್‌ಐ ಮಾಡಿಸಮ್ಮ ಅಂದರು.
ಎಂಟು ಸಾವಿರ. ಒಂದು ವಾರದ ಮಂಡಕ್ಕಿ.

ಅಲ್ಲಿ ಬಡಿದು ಕಿವಿಗೊಡುವ ಮಾತಿಲ್ಲ. ಯಂತ್ರವೇ ಕೂಗುತ್ತದೆ,
ದಾವಣಗೆರೆಯ ಮುಚ್ಚಿದ ಕಾಟನ್ ಮಿಲ್ಲು
ಮುಕ್ಕಾಲು ಗಂಟೆಗೆ ಮತ್ತೆ ನಡೆದ ಹಾಗೆ.
ತಾಯಿತ ಬಿಚ್ಚಿ ನನ್ನ ಮುಷ್ಟಿಗೆ ಕೊಟ್ಟು ಒಳಗೆ ಹೋದ.

ಗಾಜಿನೀಚೆ ಕೂತು ನೋಡಿದೆ.
ತುದಿ ಇತ್ತು. ಇಪ್ಪತ್ಮೂರು.
ರಕ್ತಕ್ಕೆ ಮದ್ದು ಏರಿ ಹತ್ತು ನಿಮಿಷಕ್ಕೆ
ಕಪ್ಪು ಗೋಡೆಯೊಳಗೆ ಬಿಳಿ,
ಕಾದ ಮರಳಲ್ಲಿ ಮಂಡಕ್ಕಿ ಅರಳಿದ ಹಾಗೆ
ಒಂದಿಷ್ಟು ಇಲ್ಲಿ, ಒಂದು ಹಿಡಿ ಅಲ್ಲಿ.
ಭಟ್ಟಿಯಲ್ಲಿ ಅರಳಿದರೆ ಬರಕತ್ತು.
ಇದು ಮಾಂಸ ಸತ್ತು ಕಲೆಯಾದ ಜಾಗ.

"ಏನು ಬಂತು?" ಅಂದ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ.
ನಾನು ಅಳೆದದ್ದು ತಪ್ಪಿರಲಿಲ್ಲ ಕಣೋ ಅಂದುಬಿಟ್ಟೆ.
ಅವನು ಕೇಳಿದ್ದು ಅದನ್ನಲ್ಲ.

ರಾತ್ರಿ ಎಂಟಕ್ಕೆ, ಕೊನೆಯ ಪೇಷೆಂಟು ಹೋದ ಮೇಲೆ
ಚಿಲಕ ಹಾಕಿ ನನ್ನೆದೆಗೇ ಜೆಲ್ಲು ಹಚ್ಚಿದೆ.
ನಡುಗೋಡೆ ಹತ್ತು. ಸರಿಯಿದೆ.
ಇನ್ನಷ್ಟು ಕೆಳಗೆ ಒತ್ತಿದೆ. ಉಸಿರು ಬಿಟ್ಟೆ. ಹಿಡಿದೆ.
ಪರದೆಯ ಮೂಲೆಯಲ್ಲಿ ಬರೀ ಬೂದು.