ಬುತ್ತಿ

ಬರುವ ವರ್ಷ ತಾಮ್ರದ ತಂತಿ ಸಾಯುತ್ತದಂತೆ.
ಕಂಪನಿಯ ಕಾಗದ ಬಂದಿದೆ, ಮೂರನೆಯ ಸಲ,
ಈ ಸಲ ಕೆಂಪಕ್ಷರ.
ಹೆಕ್ಸಮ್ ಊರಿನ ಇಳಿಜಾರು ಬೀದಿಯಲ್ಲಿ
ಕುರಿ ದನಗಳ ಡಾಕ್ಟರರ ಕಚೇರಿ ನಮ್ಮದು,
ಲೆಕ್ಕ ಬರೆಯುವವಳು ನಾನು.
ಯಾವಾಗಲೋ ಒಮ್ಮೆ ಪ್ರಿಂಟರಿನ ಪ್ಲಗ್ಗು ಕಳಚಿದ್ದನ್ನು
ನಾನೇ ಕಂಡುಹಿಡಿದೆನೆಂದು
ಇಂಟರ್‌ನೆಟ್ ಫೋನಿನ ಉಸಾಬರಿಯೂ ನನ್ನ ತಲೆಗೇ.

ಮೇಜಿನ ತುಂಬ ಕ್ಯಾಟಲಾಗು.
ಬಣ್ಣದ ಪರದೆ, ಹದಿನಾರು ಗುಂಡಿ,
ಮಾತಾಡುವವರ ಮುಖವನ್ನೂ ತೋರಿಸುತ್ತದೆ.
'ಮುಖ ಕಟ್ಟಿಕೊಂಡು ಏನು ಮಾಡಲಿ,
ಕುರಿಯ ಹಿಂಬದಿ ತೋರಿಸಿದರೆ ಉಪಯೋಗವಿತ್ತು'
ಎಂದರು ಡಾಕ್ಟರ್ ಫೆನ್ವಿಕ್,
ಬೂಟಿನ ಸಗಣಿ ಕೆರೆಯುತ್ತ.

ಜೀನೆಟ್‌ಗೆ ಬೇಕಾದದ್ದು ತೂಕ.
ಮೂವತ್ತೊಂದು ವರ್ಷ ರಿಸೀವರನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿ
ಎರಡು ಕೈಯಲ್ಲೂ ಕೆಲಸ ಮಾಡಿದವಳು.
ನೋಡಲೆಂದು ತಂದ ಫೋನನ್ನು ಹಾಗೇ ಇಟ್ಟುಕೊಂಡಳು;
ಸೋಪಿನಂತೆ ಜಾರಿ ಬಿಸ್ಕತ್ತಿನ ಡಬ್ಬಿಗೆ ಬಿತ್ತು.
ಅವಳೇನೂ ಅನ್ನಲಿಲ್ಲ. ಡಬ್ಬಿಯ ಮುಚ್ಚಳ ಹಾಕಿದಳು.

ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ
ಕನ್ನಡದಲ್ಲಿ ಪಟ್ಟಿ ಬರೆದೆ, ಯಾರೂ ಇಣುಕಿ ನಗದಿರಲೆಂದು:
ಮೇಜಿಗೆ ಎರಡು, ತೂಕವಿದ್ದದ್ದು.
ಅಂಗಳಕ್ಕೊಂದು, ತಂತಿಯಿಲ್ಲದ್ದು, ಕಲ್ಲಿಗೆ ಬಿದ್ದರೂ ಉಳಿಯುವುದು.
ಮಾತನ್ನೂ ಕರೆಂಟನ್ನೂ ಒಂದೇ ಎಳೆಯಲ್ಲಿ ಉಣಿಸುವ
ಎಂಟು ಬಾಯಿಯ ಸ್ವಿಚ್ಚು.
ಉಣಿಸುವ ಎಂದು ಬರೆದ ಕೈ ನಿಂತಿತು.

ತಾಮ್ರ ತನ್ನ ಬುತ್ತಿ ತಾನೇ ಕಟ್ಟಿಕೊಂಡು ಬರುತ್ತಿತ್ತಲ್ಲ.
ಎಲ್ಲೋ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಒಂದು ಹಿಡಿ,
ಊರೆಲ್ಲ ಕತ್ತಲಾದರೂ
ಗಂಟೆ ಬಾರಿಸುವಷ್ಟು.
ಇದು ಬರಿಗೈಯಲ್ಲಿ ಬರುವ ನೆಂಟ.
ನಮ್ಮ ಮನೆಯಲ್ಲಿ ಉಂಡರೆ ಮಾತು, ಇಲ್ಲದಿದ್ದರೆ
ಬಣ್ಣದ ಮುಖ ಹೊತ್ತು ಮೂಕ.

ಮರಿ ಹಾಕುವ ಕಾಲ, ಅದೊಂದು ಮಾರ್ಚಿನ ಗಾಳಿ.
ಎರಡು ದಿನ ಕರೆಂಟಿಲ್ಲ, ಸೇತುವೆಯ ಮೇಲೆ ಮರ,
ಡಾಕ್ಟರರು ಮರದ ಆಚೆ.
ರಾತ್ರಿ ಮೂರಕ್ಕೆ ಗುಡ್ಡದ ಮೇಲಿನ ಎಡ್ಡಿ ಹೆಡ್ಲಿಯ ಕರೆ:
ಮರಿಯ ಒಂದು ಕಾಲು ಹಿಂದೆ ಮಡಚಿದೆ, ಬರುತ್ತಿಲ್ಲ.
ಮೇಣದ ಬತ್ತಿಯ ಎದುರು ಜೀನೆಟ್,
ಫೋನಿನ ಸುರುಳಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ,
'ಒಳಗೆ ತಳ್ಳು ಮೊದಲು. ಹೆದರಬೇಡ, ತಳ್ಳು.
ಮೊಣಕಾಲು ಸಿಕ್ಕಿತಾ? ಈಗ?
ಈಗ?'
ನಲವತ್ತು ನಿಮಿಷ.
ಆಮೇಲೆ ಕೋಣೆಯ ಈಚೆ ತುದಿಯಲ್ಲಿ ನಿಂತ ನನಗೂ ಕೇಳಿಸಿತು,
ತಾಮ್ರದೊಳಗಿಂದ, ಒದ್ದೆ ಒದ್ದೆಯಾಗಿ,
ಮ್ಯಾ.

ಕಾಸಿಗೆ ತಕ್ಕ ಕಜ್ಜಾಯ ಎನ್ನುತ್ತಿದ್ದಳು ನಮ್ಮ ಸೋದರತ್ತೆ.
ಕಜ್ಜಾಯ ಬೇಡ, ಒಲೆ ಸಾಕೆಂದುಕೊಂಡು
ಬಣ್ಣದ ಪರದೆ ಹೊಡೆದುಹಾಕಿದೆ.
ಆ ಮುನ್ನೂರು ಪೌಂಡಿಗೆ ಕರಿಯ, ಕುರೂಪಿ,
ಇಬ್ಬರು ಎತ್ತಬೇಕಾದ ಬ್ಯಾಟರಿ ಪೆಟ್ಟಿಗೆ.
'ಆರು ಗಂಟೆ ತಡೆಯುತ್ತದೆ' ಎಂದ ಮಾರುವ ಹುಡುಗ ಕೈರನ್.
ಬೀದಿ ಮೂಲೆಯ ಹಸಿರು ಪೆಟ್ಟಿಗೆಗೆ ಬುತ್ತಿ ಯಾರದ್ದು?
ಕೈರನ್ ಪೆನ್ನಿನ ಮುಚ್ಚಳ ಹಾಕಿದ, ತೆಗೆದ.
ವಿಚಾರಿಸಿ ಹೇಳುತ್ತೇನೆಂದ. ಇನ್ನೂ ಹೇಳಿಲ್ಲ.

ಜೋಡಿಸಿದ ದಿನ ಗೋಡೆಯ ಪ್ಲಗ್ಗು ನಾನೇ ಕಿತ್ತೆ.
ದೀಪ ಹೋಯಿತು, ಹೀಟರು ಹೋಯಿತು.
ಮೇಜಿನ ಕೆಳಗೆ ಪೆಟ್ಟಿಗೆ ಗೊಣಗಿತು,
ನಡುರಾತ್ರಿ ಎಬ್ಬಿಸಿದವರ ಹಾಗೆ.
ಅಂಗಳದಿಂದ ಡಾಕ್ಟರರು ಕರೆದರು. ಫೋನು ಬಡಿದುಕೊಂಡಿತು.
ಎತ್ತಿ ಭುಜಕ್ಕೇರಿಸಿದಳು ಜೀನೆಟ್; ಜಾರಲಿಲ್ಲ.
ಬೆರಳು ತಾನಾಗಿ ಹೋಗಿ ಸುರುಳಿ ಹುಡುಕಿತು.
ಹೊಸದು, ಬಿರುಸು, ಸುತ್ತಿದರೆ
ಪಟಕ್ಕನೆ ಬಿಚ್ಚಿಕೊಳ್ಳುತ್ತದೆ.
ಮತ್ತೆ ಸುತ್ತಿದಳು.