ಪ್ರತಿವಾದಿಯ ಹೆಸರು

ಟ್ರಾಬ್ಜಾನಿನ ಕೋರ್ಟಿನ ಮೆಟ್ಟಿಲ ಬದಿ
ಹರಿದ ಕೊಡೆ, ಕೆಳಗೆ ನನ್ನ ಟೈಪ್‌ರೈಟರು.
ಅರ್ಜಿಯೊಂದಕ್ಕೆ ಇನ್ನೂರು ಲಿರಾ,
ಅಳುವವರಿಗೆ ಚಹಾ ಪುಕ್ಕಟೆ.

ಗುಲಿಝಾರ್ ಅಳಲಿಲ್ಲ.
ಕರವಸ್ತ್ರ ಬಿಚ್ಚಿದಳು: ಚಾಪೆಯ ಹಾಗೆ ಹೆಣೆದ ಕಡಗ,
ಅಕ್ಕಸಾಲಿ ಅರದಿಂದ ಉಜ್ಜಿದ ಕಡೆ
ಇಣುಕುವ ಹಿತ್ತಾಳೆ.
"ಹನ್ನೊಂದು ವರ್ಷ ಇದನ್ನು ತೆಗೆದಿಟ್ಟೇ
ಮೀನು ಸೀಳುತ್ತಿದ್ದೆ," ಅಂದಳು,
"ಬಂಗಾರ ಸವೆದೀತು ಅಂತ."

ದಾರಿಗಳಿವೆಯಮ್ಮ, ಅಂದೆ.
ಗ್ರಾಹಕರ ಮಂಡಳಿಗೆ ದೂರು ಕೊಡಬಹುದು.
ಅಂಗಡಿಯವ ತಿಳಿದೂ ತಿಳಿದೂ ಮೋಸ ಮಾಡಿದ್ದರೆ
ಅವಧಿ ಮೀರಿತೆಂಬ ನೆಪ ಅವನಿಗೆ ದಕ್ಕದು.
ಪೊಲೀಸರೂ ಇದ್ದಾರೆ.
ರಸೀದಿ?

ಗಂಡನ ಹೆಸರಲ್ಲಿತ್ತು.
"ಮಾಜಿ," ಎಂದು ತಿದ್ದಿದಳು.
ಮಡಿಕೆಯನ್ನು ಅವಳೆಂದೂ ಬಿಡಿಸಿರಲಿಲ್ಲ.
ಬಿಡಿಸಿದವನು ನಾನು.
ಅಂಗಡಿಯವ ಒಂದಕ್ಷರ ಸುಳ್ಳು ಬರೆದಿರಲಿಲ್ಲ:
ಚಿನ್ನದ ನೀರು ಹಾಯಿಸಿದ್ದು,
ಬೆಲೆ, ಒಂದು ಜೊತೆ ಬೂಟಿನಷ್ಟು.

ಓದಿ ಹೇಳಿದೆ. ಹೇಳಬೇಕಾಯಿತು.

ಪ್ರತಿವಾದಿ ಎಂದು ಒತ್ತಿ
ಎರಡು ಚುಕ್ಕಿ ಇಟ್ಟು ಕಾದೆ.
ಕೊನೆಗೆ ಚಹಾ ಕೇಳಿದಳು, ಸಕ್ಕರೆ ಎರಡು.
"ಅವನ ಹೆಸರು ಬರಿ.
ಜಾಗ ಉಳಿದರೆ ಅವನಮ್ಮನದೂ ಬರಿ.
ಮದುವೆಯ ದಿನ ಮೈಕು ಹಿಡಿದು
ಊರಿಗೆಲ್ಲ ತೂಕ ಕೂಗಿದವಳು ಅವಳೇ."